ಮಾರ್ತಮ್ಮ ಹೇಳಿದ ‘ನಮಗೆ’

ಕೋವಿಡ್ ಕಳೆದ ಮರುವರ್ಷ ನಾನು ಬೆಂಗಳೂರಿನ ವಿಜಯನಗರದ ಒಂದು ಪುನಶ್ಚೇತನ ಕೇಂದ್ರದಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಕೇಂದ್ರಕ್ಕೆ ಬರಲಾಗದವರ ಮನೆಗೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಮೂಡಲಪಾಳ್ಯದ ಮಾರ್ತಮ್ಮ ಅಂಥವರಲ್ಲಿ ಒಬ್ಬರು.

ಅರವತ್ತೆರಡು ವರ್ಷದ ಮಾರ್ತಮ್ಮ ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಬೀದಿ ಕೊನೆಯ ಸಣ್ಣ ಕ್ರೈಸ್ತ ಸಭೆಯಲ್ಲಿ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದವರೂ ಅವರೇ. ಈಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಅವರಿಗಿದ್ದದ್ದು ಬ್ರೋಕಾ ಅಫೇಸಿಯಾ: ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಬಾಯಿಗೆ ಬರುವುದಿಲ್ಲ. ಮಗಳು ಶಾಂತಿ ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಮಧ್ಯಾಹ್ನದ ಊಟವನ್ನು ಸಭೆಯ ಹೆಂಗಸರಲ್ಲಿ ಒಬ್ಬರಲ್ಲ ಒಬ್ಬರು ಕ್ಯಾರಿಯರ್‌ನಲ್ಲಿ ತರುತ್ತಿದ್ದರು. ನಾಳೆ ಯಾರು ತರ್ತಾರೆ ಎಂದು ಒಮ್ಮೆ ಕೇಳಿದೆ.

“ಗೊತ್ತಿಲ್ಲ ಮೇಡಂ. ಬೆಳಿಗ್ಗೆ ಪ್ರೇಯರ್ ಮಾಡ್ತೀವಿ, ದೇವ್ರು ಯಾರನ್ನಾದ್ರೂ ಕಳಿಸ್ತಾನೆ. ಇದುವರ್ಗೂ ತಪ್ಪಿಲ್ಲ,” ಎಂದಳು ಶಾಂತಿ.

ನನಗೆ ಅಷ್ಟು ನಂಬಿಕೆಯಿಲ್ಲ. ಕ್ಯಾರಿಯರ್ ಬರುತ್ತಿದ್ದುದಂತೂ ನಿಜ.

ಬಾಯಿಪಾಠವಾದದ್ದು ಮಿದುಳಿನಿಂದ ಬೇರೆ ದಾರಿಯಲ್ಲಿ ಹೊರಬರುತ್ತದೆ. ಹಾಗಾಗಿ ಮಾತು ನಿಂತವರು ಕೂಡ ಮಗ್ಗಿ, ವಾರದ ಹೆಸರು, ಪ್ರಾರ್ಥನೆ ಒಪ್ಪಿಸುವುದುಂಟು. ಯೇಸು ಕಲಿಸಿದ ಪ್ರಾರ್ಥನೆಯನ್ನು ಶಾಂತಿಯಿಂದ ಬರೆಸಿಕೊಂಡು ಓದುತ್ತಾ ಅಲ್ಲಲ್ಲಿ ನಿಲ್ಲಿಸುತ್ತಿದ್ದೆ. ಮೂರನೆಯ ವಾರ, ದಿನದ ಆಹಾರ ಬೇಡುವ ಸಾಲಿನಲ್ಲಿ ಮಾರ್ತಮ್ಮನ ಮೊದಲ ಪದ ಬಂತು: “ನಮಗೆ.”

ಆ ಪದದಿಂದ ದಿನಬಳಕೆಯ ವಾಕ್ಯಕ್ಕೆ ದಾಟಿಸಬೇಕು. ತಟ್ಟೆಯ ಚಿತ್ರ ತೋರಿಸಿ “ನನಗೆ ಊಟ ಬೇಕು” ಎಂದು ಹೇಳಿಕೊಟ್ಟೆ. ಅವರು “ನಮಗೆ ಊಟ” ಎಂದರು. ಎಷ್ಟು ಸಲ ಹೇಳಿಸಿದರೂ ಅಷ್ಟೇ. ಬಂದ ಪದದಲ್ಲೇ ಸಿಕ್ಕಿಕೊಳ್ಳುವುದು ಇಂಥ ರೋಗಿಗಳಲ್ಲಿ ಸಾಮಾನ್ಯ. ಫೈಲಿನಲ್ಲಿ ‘ತಪ್ಪು’ ಎಂದು ಬರೆದೆ.

ಅದೇ ಹೊತ್ತಿಗೆ ಅವರು ಊಟ ಕಡಿಮೆ ಮಾಡಿದರು. ತಂದದ್ದರಲ್ಲಿ ಅರ್ಧ ಬಡಿಸಿದ ಮೇಲೆ ಉಳಿದದ್ದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮೈ ಇಳಿಯಿತು. ನುಂಗುವ ತೊಂದರೆ ಇರಬಹುದೆಂದು ನನಗೆ ಅನುಮಾನ. ಅನ್ನ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮೂಗಿನಲ್ಲಿ ಟ್ಯೂಬ್ ಹಾಕಬೇಕಾಗಬಹುದು ಎಂದಾಗ ಶಾಂತಿ ಅತ್ತಳು. ಅಮ್ಮನಿಗೆ ಹಸಿವು ಕೊಡು ಎಂದು ಸಭೆಯವರು ಪ್ರಾರ್ಥಿಸಿದರು.

ನುಂಗುವುದನ್ನು ನೋಡಲೆಂದೇ ಮುಂದಿನ ಸಲ ಊಟದ ಹೊತ್ತಿಗೆ ಹೋದೆ. ಅಂದು ಕ್ಯಾರಿಯರ್ ತಂದವರು ಜಯಕ್ಕ. ಮಾರ್ತಮ್ಮನ ಗಂಟಲಿನ ಮೇಲೆ ಬೆರಳಿಟ್ಟೆ. ತುತ್ತು ಸಲೀಸಾಗಿ ಇಳಿಯುತ್ತಿತ್ತು. ಆದರೂ ಅರ್ಧಕ್ಕೇ ನಿಲ್ಲಿಸಿದರು. “ಇನ್ನೊಂಚೂರು ಹಾಕ್ತೀನಿ ಅಕ್ಕಾ,” ಎಂದು ಜಯಕ್ಕ ಸೌಟು ಎತ್ತಿದ್ದೇ ತಡ, ಮಾರ್ತಮ್ಮ ಎಡಗೈಯಿಂದ ಪಕ್ಕದ ಗೋಡೆಯನ್ನು ಗುದ್ದಿ “ನಮಗೆ! ನಮಗೆ!” ಎಂದರು. ಕಣ್ಣು ತುಂಬಿತ್ತು.

“ಆ ಕಡೆ ಮನೇಲಿ ಯಾರಿದಾರೆ?” ಎಂದೆ.

“ಸಿದ್ಧಗಂಗಮ್ಮ ಅಂತ, ದಾವಣಗೆರೆ ಕಡೆಯೋರು. ಈಚೆಗೆ ಕಾಣಿಸ್ಲೇ ಇಲ್ಲ,” ಎಂದರು ಜಯಕ್ಕ.

ಹೋಗಿ ಬಾಗಿಲು ತಟ್ಟಿದೆವು. ತೆರೆದವರ ಬಲಗೈಗೆ ಪ್ಲಾಸ್ಟರ್. ಹತ್ತು ದಿನದ ಹಿಂದೆ ಬಚ್ಚಲಲ್ಲಿ ಜಾರಿದ್ದರು. ಜೊತೆಗಿದ್ದ ತಂಗಿ ಊರಿಗೆ ಹೋಗಿದ್ದರು. ಎಡಗೈಯಲ್ಲೇ ಟೀ ಕಾಯಿಸಿ, ಬನ್ನು ಅದ್ದಿ ತಿನ್ನುತ್ತಿದ್ದರು.

“ಯಾರಿಗೂ ಹೇಳ್ಬಾರ್ದು ಅಂತಿದ್ದೆ. ಮಾರ್ತಮ್ಮಂಗೆ ಮಾತು ಬರಲ್ವಲ್ಲ, ಅದಕ್ಕೇ ಯಾರೂ ಇಲ್ದಾಗ ಹೋಗಿ ಅವ್ರ ಹತ್ರ ಮಾತ್ರ ಹೇಳ್ಕೊಂಡೆ,” ಎಂದರು.

“ನಾವು ತಂದಿದ್ದು ತಿಂತೀರಾ? ಬೇಳೆ ಸಾರು, ಬೀನ್ಸ್ ಪಲ್ಯ,” ಎಂದು ಜಯಕ್ಕ ಕೇಳಿದರು.

ಸಿದ್ಧಗಂಗಮ್ಮ ಎಡಗೈಯಲ್ಲಿ ಬಾಗಿಲು ಎಳೆದುಕೊಂಡು, “ಅಲ್ಲೇ ಬರ್ತೀನಿ ನಡೀರಿ,” ಎಂದರು.

ಮರುದಿನದಿಂದ ಇಬ್ಬರಿಗೂ ಆಗುವಷ್ಟು ಊಟ ಬಂತು. ಮಾರ್ತಮ್ಮ ಹೊಟ್ಟೆತುಂಬ ಉಂಡರು. ಟ್ಯೂಬಿನ ಮಾತು ಅಲ್ಲಿಗೇ ನಿಂತಿತು. ‘ನನಗೆ’ ಎಂಬ ಪದ ಬರಲು ಎರಡು ತಿಂಗಳು ಹಿಡಿಯಿತು. ಕೈ ವಾಸಿಯಾದ ಸಿದ್ಧಗಂಗಮ್ಮ ತಾವೇ ತಟ್ಟಿದ ಮೂರನೆಯ ರೊಟ್ಟಿ ಹಾಕಲು ಬಂದಾಗ ಮಾರ್ತಮ್ಮ ತಡವರಿಸುತ್ತಾ ಅಂದರು: “ನನಗೆ… ಸಾಕು.”

ಫೈಲಿನ ‘ತಪ್ಪು’ಗಳನ್ನು ಹೊಡೆದುಹಾಕಿದೆ. ಆಮೇಲಿನ ವರ್ಷಗಳಲ್ಲಿ, ರೋಗಿ ನಾನು ಬಯಸಿದ ಮಾತನ್ನು ಆಡದಿದ್ದಾಗ, ಪೆನ್ನು ತೆಗೆಯುವ ಮೊದಲು ಅವರ ಅಕ್ಕಪಕ್ಕದ ಮನೆಗಳಲ್ಲಿ ಒಮ್ಮೆ ವಿಚಾರಿಸುವುದನ್ನು ರೂಢಿ ಮಾಡಿಕೊಂಡೆ.