ನಿಲ್ಲಿಸು ಅಲ್ಲ, ಮೆಲ್ಲ

ಇಂಗ್ಲೆಂಡಿನ ಮಾಸ್ಟ್ರು ಅಂಗೈ ಕೆಳಗೆ ಮಾಡಿ ಕೈ ಚಾಚಿ ಆಡಿಸಿದ್ದೇ ತಡ, ನಾನು ಹಾಡು ನಿಲ್ಲಿಸಿಬಿಟ್ಟೆ. ಉಳಿದವರೆಲ್ಲ ಮೆಲುದನಿಯಲ್ಲಿ ಹಾಡುತ್ತಲೇ ಇದ್ದರು.

“ಪುನಃ ನಿಲ್ಸಿದ್ಯಾ ಮಾರಾಯ? ನಿನ್ನನ್ನು ಇನ್ನು ಕುರ್ಚಿ ಜೋಡಿಸ್ಲಿಕ್ಕೆ ಹಾಕ್ತಾರೆ, ನೋಡು,” ಎಂದು ಪಕ್ಕದಲ್ಲಿದ್ದ ಗೆಳೆಯ ವಲೇರಿಯನ್ ಪಿಸುಗುಟ್ಟಿದ.

ಕೊಲ್ಲಿ ನಾಡಿನ ಮನಾಮಾದ ನಮ್ಮ ಚರ್ಚಿನ ಹಾಡುಗಾರರ ತಂಡ, ಕೊಯರ್, ಕ್ರಿಸ್ಮಸ್ಸಿಗೆ ತಯಾರಾಗುತ್ತಿತ್ತು. ಜೀವಮಾನವಿಡೀ ತಮ್ಮ ಊರಿನಲ್ಲಿ ಕೊಯರ್, ವಾದ್ಯವೃಂದ ನಡೆಸಿ, ಮಕ್ಕಳಿಗೆ ಸಂಗೀತ ಕಲಿಸಿದ ಮಾಸ್ಟ್ರು ಈಗ ಇಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ಹಾಡು ನಿಲ್ಲಿಸಿ ನನ್ನ ಹತ್ತಿರ ಬಂದರು. ಸ್ವರಲಿಪಿ ಓದಲು ಬಾರದವನೆಂದು ಹೊರಗೆ ಹಾಕುವುದು ಖಂಡಿತ ಎಂದುಕೊಂಡೆ. ಆದರೂ ತಲೆ ತಗ್ಗಿಸಲಿಲ್ಲ.

“ಸರ್, ನಾನು ಹಿದ್ ಬಂದರಿನಲ್ಲಿ ಕ್ರೇನಿಗೆ ಕೈಸನ್ನೆ ಮಾಡುವವ. ನಮ್ಮಲ್ಲಿ ಇದು ‘ನಿಲ್ಲಿಸು’,” ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಜೋರಾಗಿ ನಕ್ಕರು. “ಹಾಗಾದರೆ ‘ಮೆಲ್ಲ’ ಎನ್ನಲು ಏನು ಮಾಡುತ್ತೀರಿ?”

ಒಂದು ಕೈ ಸನ್ನೆ ಮಾಡುವಾಗ ಅದರೆದುರು ಇನ್ನೊಂದು ಕೈಯನ್ನು ಅಲುಗಿಸದೆ ಹಿಡಿಯುವುದನ್ನು ತೋರಿಸಿದೆ. ಕ್ರಿಸ್ಮಸ್ ಪೂಜೆಯಲ್ಲಿ ನಾನು ನಿಲ್ಲಿಸುತ್ತಿದ್ದ ಆ ಸಾಲು ಬಂದಾಗ ಮಾಸ್ಟ್ರು ನನ್ನ ಕಡೆ ತಿರುಗಿ ಹಾಗೆಯೇ ಒಂದು ಕೈಯೆದುರು ಇನ್ನೊಂದು ಕೈ ಹಿಡಿದರು. ನನ್ನ ದನಿ ನಿಲ್ಲಲಿಲ್ಲ, ಎಲ್ಲರ ಜೊತೆ ಮೆಲ್ಲಗೆ ಇಳಿಯಿತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ದುಡಿದು ತಿಂದಿದ್ದೇನೆ, ‘ನನಗೆ ಬರುವುದಿಲ್ಲ, ಕಲಿಸಿ’ ಎಂದು ಯಾರನ್ನೂ ಕೇಳಿದವನಲ್ಲ. ಹಬ್ಬ ಮುಗಿದ ಮೇಲೆ ಮಾಸ್ಟ್ರನ್ನು ಕೇಳಿದೆ. ಈಗ ಪ್ರತಿ ಶುಕ್ರವಾರ ರಜೆಯಲ್ಲಿ ಅವರ ಪಕ್ಕ ಕುಳಿತು, ಬೆರಳಿಟ್ಟು ಸ್ವರಲಿಪಿ ಓದುತ್ತಿದ್ದೇನೆ.