ಹಸಿರು ದಾರದ ಡಬ್ಬಿ

ಬೆಳಗಿನ ಐದೂವರೆ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಲೀಂ ಅವರ ಫ್ರಿಜ್ ರಿಪೇರಿ ಅಂಗಡಿಯ ಷಟರ್ ಇನ್ನೂ ಏರಿಲ್ಲ. ಅದರ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸಲೀಂ ಅವರ ಹೆಂಡತಿ ಮುಬೀನಾ ನಮಾಜು ಮುಗಿಸಿ, ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾರೆ. ತಲೆಯ ಮೇಲೆ ಫ್ಯಾನ್ ಇದೆ, ಆದರೆ ಅದರ ಸ್ವಿಚ್ಚಿಗೆ ಟೇಪು ಅಂಟಿಸಿದೆ. ಕೈಯಲ್ಲಿ ಮೂರೇ ಕೂದಲಿನ ಕುಂಚ. ಉಸಿರು ಬಿಗಿಹಿಡಿದು ಗಾಜಿನ ತಟ್ಟೆಯಿಂದ ಏನನ್ನೋ ಎತ್ತುತ್ತಾರೆ, ಪುಟ್ಟ ಕೊಳವೆಯೊಳಗೆ ಬಿಡುತ್ತಾರೆ, ಆಮೇಲೆ ನಿಧಾನಕ್ಕೆ ಉಸಿರಾಡುತ್ತಾರೆ.

"ಫ್ಯಾನ್ ಹಚ್ಚಿದ್ರ ತಟ್ಟಿಯಾಗಿನ ನೀರು ನಡುಗತೈತ್ರಿ. ಅದಕ್ಕ ಬಿಸಿಲು ಏರೂದ್ರಾಗ ಕೆಲಸ ಮುಗಿಸ್ತೀನಿ. ಒಮ್ಮೆ ಸೀನಿದೆ ನೋಡ್ರಿ, ಕುಂಚದ ಮ್ಯಾಲಿದ್ದ ಜೀವ ಎಲ್ಲಿ ಹೋತೋ ಏನೋ! ಅವತ್ತು ಇಡೀ ದಿನ ಯಾರಿಗೂ ನೆಲ ಗುಡಿಸಾಕ ಬಿಡಲಿಲ್ಲ ನಾನು" ಎಂದು ಅವರು ನಗುತ್ತಾರೆ.

ಅವರು ಎತ್ತುತ್ತಿರುವುದು ಸಮುದ್ರದ ಜೀವಿಗಳನ್ನು. ಸಮುದ್ರವೇ ಕಾಣದ ಕೊಟ್ಟೂರಿನಲ್ಲಿ! ಫೊರಾಮಿನಿಫೆರಾ ಎಂಬ ಹೆಸರು ಬಾಯಿಗೆ ಸಿಗುವುದಿಲ್ಲವಾದ್ದರಿಂದ ಮುಬೀನಾ ಅವನ್ನು 'ಚಿಪ್ಪಿನ ಮಂದಿ' ಎನ್ನುತ್ತಾರೆ. ಮೈಯೆಂದರೆ ಒಂದೇ ಒಂದು ಜೀವಕೋಶ. ಅದರ ಸುತ್ತ ತಾನೇ ಕಟ್ಟಿಕೊಂಡ ಸುಣ್ಣದ ಚಿಪ್ಪು, ಚಿಪ್ಪಿನೊಳಗೆ ಕೋಣೆಗಳು, ಗೋಡೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ಗಾತ್ರ ಸಣ್ಣ ರವೆಯ ಕಾಳಿನಷ್ಟು. ಕರಾವಳಿಯ ಸಂಶೋಧನಾ ಕೇಂದ್ರವೊಂದು ನದಿ ಸಮುದ್ರ ಸೇರುವ ಕಡೆಯ ಕೆಸರನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕುತ್ತದೆ. ಅದರಲ್ಲಿ ಬದುಕಿರುವವನ್ನು ಹುಡುಕಿ ಕೊಳವೆಗೆ ಒಂದರಂತೆ ತುಂಬಿ ವಾಪಸು ಕಳಿಸುವುದು ಮುಬೀನಾ ಅವರ ಕೆಲಸ. ಅಲ್ಲಿ ಚಿಪ್ಪನ್ನು ಕರಗಿಸಿ, ಒಳಗಿನ ಡಿಎನ್‌ಎ ಓದಿ, ಯಾವುದು ಯಾವ ಕುಲದ್ದು ಎಂದು ತೀರ್ಮಾನಿಸುತ್ತಾರೆ. ಮುಬೀನಾ ದಿನಕ್ಕೆ ಇನ್ನೂರರಿಂದ ಇನ್ನೂರೈವತ್ತು ಎತ್ತುತ್ತಾರೆ. ಆ ಕೇಂದ್ರದ ಹುಡುಗರು ನೂರು ದಾಟಿದರೆ ಚಹಾಕ್ಕೆ ಎದ್ದು ಹೋಗುತ್ತಾರಂತೆ.

ಈ ನಂಟು ಬೆಳೆದದ್ದು ಕೆಟ್ಟ ಫ್ರಿಜ್ಜಿನಿಂದ. ಆ ಕೇಂದ್ರದ ಸಂಶೋಧಕಿ ಶಾಂಭವಿ ಕೊಟ್ಟೂರಿನ ಮಗಳು. ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಕೆಸರಿನ ಡಬ್ಬಿಗಳನ್ನೂ ತಂದಿದ್ದರು. ಮನೆಯ ಫ್ರಿಜ್ಜು ಕೈಕೊಟ್ಟಿತು. ಡಬ್ಬಿಗಳು ಸಲೀಂ ಅಂಗಡಿಯ ಫ್ರಿಜ್ಜು ಸೇರಿದವು. ಮುಬೀನಾ ಆಗ ಮದುವೆ ಕುಪ್ಪಸಗಳಿಗೆ ಮಣಿ ಹೊಲಿಯುತ್ತಿದ್ದರು. ಶಾಂಭವಿಯವರ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಿ, "ಇದರಾಗ ಒಡಕು ಚಿಪ್ಪು ಬಾಳ ಅದಾವಲ್ರಿ ಮೇಡಂ" ಎಂದರು. ಆ ಕಣ್ಣಿನ ಚುರುಕು ಕಂಡ ಶಾಂಭವಿ ಮರುದಿನವೇ ಅವರ ಕೈಗೆ ಕುಂಚ ಕೊಟ್ಟರು.

ಕಷ್ಟಗಳೂ ಇದ್ದವು. ಮೊದಲ ತಿಂಗಳು ಕಣ್ಣು ಉರಿ, ಕುತ್ತಿಗೆ ನೋವು. ಕೆಸರು ವಾಸನೆಯೆಂದು ನೆರೆಮನೆಯ ಪಕ್ಕೀರಮ್ಮ ಜಗಳಕ್ಕೇ ಬಂದಿದ್ದರು. ಗಾಳೆಪ್ಪ ಎಂಬ ಗಿರಾಕಿ ಈ ಜೀವಿಗಳಿಗೆಂದು ಫ್ರಿಜ್ಜಿನಲ್ಲಿಟ್ಟಿದ್ದ ಬಾಟಲಿ ಎತ್ತಿ ಗಟಗಟನೆ ಸಮುದ್ರದ ನೀರು ಕುಡಿದು ಓಣಿಯ ಕೊನೆಯವರೆಗೂ ಉಗುಳುತ್ತಾ ಓಡಿದ್ದನ್ನು ಸಲೀಂ ಇಂದಿಗೂ ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಾರೆ.

ಆದರೆ ನಿಜವಾಗಿ ಎದೆ ನಡುಗಿಸಿದ್ದು ಕಳೆದ ವರ್ಷದ ಒಂದು ತಪ್ಪು. ತಪ್ಪು ಎಂದೇ ಎಲ್ಲರೂ ಅಂದುಕೊಂಡಿದ್ದರು.

ಮಣಿ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಬಣ್ಣ ಒಂದೇ ಆದರೂ ಎರಡು ಪಾಕೀಟಿನ ಮಣಿಗಳನ್ನು ಒಂದೇ ಕುಪ್ಪಸಕ್ಕೆ ಹೊಲಿಯಬಾರದು. ಎರಡು ಸಲ ಒಗೆದರೆ ಒಂದು ಪಾಲು ಹೊಳೆಯುತ್ತದೆ, ಇನ್ನೊಂದು ಪಾಲು ಕಳೆಗುಂದುತ್ತದೆ. ಇದನ್ನು ಮುಬೀನಾರಿಗೆ ಕಲಿಸಿದವರು ಅತ್ತೆ ನಜಮುನ್ನೀಸಾ. ಅದೇ ಅಭ್ಯಾಸಬಲದಲ್ಲಿ ಮುಬೀನಾ, ತುಂಬ ಸಾಮಾನ್ಯವಾದ ಒಂದು ಬಗೆಯ ಚಿಪ್ಪಿನ ಜೀವಿಯನ್ನೂ ಎರಡು ಪಾಲು ಮಾಡುತ್ತಿದ್ದರು. ನೀರಿನಿಂದ ಎತ್ತಿದ ಮೇಲೆ ಕೆಲವು ಹೊಳೆಯುತ್ತಲೇ ಇರುತ್ತಿದ್ದವು. ಕೆಲವು ತೇವ ಹೀರಿಕೊಂಡು ತಟ್ಟನೆ ಮಂಕಾಗುತ್ತಿದ್ದವು. ಮೇಡಂಗೆ ಒಳ್ಳೆಯ ಮಾಲೇ ಹೋಗಲಿ ಎಂದು ಹೊಳೆಯುವವನ್ನಷ್ಟೇ ಕಳಿಸಿದರು. ಮಂಕಾದವನ್ನು ಸ್ಪಿರಿಟ್ಟಿನಲ್ಲಿಟ್ಟು, ಡಬ್ಬಿಗೆ ಗುರುತಿಗೆ ಹಸಿರು ದಾರ ಕಟ್ಟಿ, ಫ್ರಿಜ್ಜಿನ ಹಿಂಬದಿಗೆ ಸರಿಸಿದರು. ಎಸೆಯಲು ಮನಸ್ಸಾಗಲಿಲ್ಲ, ಅಷ್ಟೇ.

ಎಂಟು ತಿಂಗಳಾದ ಮೇಲೆ ಊರಿಗೆ ಬಂದ ಶಾಂಭವಿ ಫ್ರಿಜ್ಜು ತೆರೆದರೆ ಎಂಟು ಹಸಿರು ದಾರದ ಡಬ್ಬಿಗಳು. ಆ ಜೀವಿ ನದಿ ಸಮುದ್ರ ಸೇರುವಲ್ಲಿ ಕಮ್ಮಿಯಾಗುತ್ತಿದೆ ಎಂದು ಅವರು ಅಷ್ಟರಲ್ಲೇ ವರದಿ ಬರೆಯತೊಡಗಿದ್ದರು. ಅರ್ಧ ಜೀವಿಗಳು ಇಲ್ಲೇ ತಣ್ಣಗೆ ಕೂತಿದ್ದವಲ್ಲ!

"ಅಕ್ಕಾ, ಯಾಕ ಹಿಂಗ ಮಾಡಿದ್ರಿ? ಎಂಟು ತಿಂಗಳ ಕೆಲಸ ಹಾಳಾತು" ಎಂದು ಅವರು ಕುರ್ಚಿಯಲ್ಲಿ ಕುಸಿದರು.

ಮುಬೀನಾ ಕುಂಚವನ್ನು ತೊಳೆದು, ಒರೆಸಿ, ಅವರ ಮುಂದಿಟ್ಟರು. "ನನ್ನ ಕೈಲಿ ಇನ್ನ ಆಗಂಗಿಲ್ಲ ಬಿಡ್ರಿ ಮೇಡಂ. ನಂಬಿದವ್ರಿಗೆ ಮೋಸ ಆತು" ಎನ್ನುವಾಗ ಕಣ್ಣಲ್ಲಿ ನೀರು. ಮೊದಲ ಸಲ ತನ್ನದೆನಿಸಿದ್ದ ಕೆಲಸ ಅದು. ಅದನ್ನು ಬಿಡುವ ಮೊದಲು ಕಾರಣವಾದರೂ ತೋರಿಸಿಬಿಡೋಣವೆಂದು ಅಂದಿನ ತಟ್ಟೆಯಿಂದ ಎರಡನ್ನು ಎತ್ತಿ ಪಕ್ಕಪಕ್ಕ ಇಟ್ಟರು. "ಈಗ ನೋಡ್ರಿ. ಎಂಟರ ತನಕ ಎಣಸ್ರಿ."

ಶಾಂಭವಿ ಎಣಿಸಿದರು. ಎಂಟು ಮುಟ್ಟುವುದರೊಳಗೆ ಒಂದು ಮಂಕಾಯಿತು, ಇನ್ನೊಂದು ಹೊಳೆಯುತ್ತಲೇ ಇತ್ತು. ಇನ್ನೆರಡು ಇಡಿಸಿದರು. ಮತ್ತೆರಡು. ಚಹಾ ಆರಿ ತಣ್ಣಗಾದರೂ ಕಣ್ಣು ತೆಗೆಯಲಿಲ್ಲ. ಕುಂಚವನ್ನು ಮುಬೀನಾರ ಕೈಗೇ ವಾಪಸು ಕೊಟ್ಟು, ಎಂಟೂ ಡಬ್ಬಿಗಳನ್ನು ಹೊತ್ತು ಅಂದೇ ಬಸ್ಸು ಹತ್ತಿದರು.

ಹದಿನೆಂಟು ದಿನ. ಮುಬೀನಾ ಊಟ ಸರಿಯಾಗಿ ಮಾಡಲಿಲ್ಲ, ಸೂಕ್ಷ್ಮದರ್ಶಕದ ಮೇಲಿನ ಬಟ್ಟೆ ತೆಗೆಯಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಫೋನು ಬಂತು. ಸಲೀಂ ಸ್ಪೀಕರ್ ಹಾಕಿದರು. ಗಿರಾಕಿಗಳೂ ಹತ್ತಿರ ಸರಿದರು.

"ಅಕ್ಕಾ, ಅದು ಒಂದಲ್ಲ, ಎರಡು! ಡಿಎನ್‌ಎ ಬ್ಯಾರೆನ ಐತಿ. ಮಂಕಾಗೋದರ ಚಿಪ್ಪಿನಾಗ ತೂತು ದೊಡ್ಡವದಾವ, ಅದಕ್ಕ ತೇವ ಒಳಗ ಹೋಗ್ತೈತಿ. ನಾವೆಲ್ಲಾ ಎರಡನ್ನೂ ಒಂದ ಹೆಸರಿನಾಗ ಎಣಸ್ಕಂತ ಕುಂತಿದ್ವಿ!"

ಮುಬೀನಾರಿಗೆ ತಿಳಿದದ್ದು ಒಂದೇ: ಕೆಲಸ ಉಳಿಯಿತು. ಅಲ್ಲೇ ನೆಲದ ಮೇಲೆ ಕೂತು ನಕ್ಕರು, ಅತ್ತರು, ಮತ್ತೆ ನಕ್ಕರು. ಓಣಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದರು. ಪಕ್ಕೀರಮ್ಮ ಎರಡು ಸಲ ಬಡಿಸಿಕೊಂಡು, "ವಾಸನಿ ಏನಷ್ಟು ಇಲ್ಲ ಬಿಡು" ಎಂದರು. ಮಗನ ಕೈಯಿಂದ ಫೋನು ಕಸಿದುಕೊಂಡ ನಜಮುನ್ನೀಸಾ, ಮೊದಲು ಕಲಿಸಿದ್ದು ತಾನೆಂದು ಶಾಂಭವಿಯವರಿಗೆ ಎರಡೆರಡು ಬಾರಿ ಹೇಳಿದರು.

ವರದಿಯನ್ನು ಈಗ ಹೊಸದಾಗಿ ಬರೆಯಲಾಗುತ್ತಿದೆ. ಎರಡನೆಯ ಜೀವಿಗೆ ಹೆಸರು ಸಿಗಲು ಇನ್ನೂ ಸಮಯವಿದೆ. ಸದ್ಯಕ್ಕೆ ಒಂದು ಸಂಖ್ಯೆಯಷ್ಟೇ. ಆದರೆ ಕೇಂದ್ರದಲ್ಲಿ ಸಂಖ್ಯೆ ಹೇಳುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅದು 'ಹಸಿರು ದಾರ'.

ಸಮುದ್ರ ನೋಡುವ ಆಸೆಯಿಲ್ಲವೇ ಎಂದು ಕೇಳಿದರೆ ಮುಬೀನಾ ಕಣ್ಣನ್ನು ಸೂಕ್ಷ್ಮದರ್ಶಕದಿಂದ ಎತ್ತುವುದೇ ಇಲ್ಲ. "ಯಾವಾಗರ ಹೋಗೂಣಂತ್ರಿ. ಅದು ಎಲ್ಲಿಗೂ ಓಡಿ ಹೋಗಂಗಿಲ್ಲ. ಇವು ಹೋಗ್ತಾವ." ಅಷ್ಟರಲ್ಲಿ ಬಿಸಿಲು ಕಿಟಕಿಗೆ ಬರುತ್ತದೆ. ಕೊಳವೆಗಳನ್ನು ಫ್ರಿಜ್ಜಿಗೆ ಇಡಲು ಅವರು ಏಳುತ್ತಾರೆ. ಒಳಗೆ, ಎಲ್ಲಕ್ಕಿಂತ ಮುಂದೆ, ಥಟ್ಟನೆ ಕಣ್ಣಿಗೆ ಬೀಳುವ ಹಾಗೆ ಒಂದು ಪುಟ್ಟ ಡಬ್ಬಿಯಿದೆ. ಅದಕ್ಕೆ ಕಟ್ಟಿರುವುದು ಕೆಂಪು ದಾರ.

"ಅದಾ? ಇನ್ನೊಂದು ಜಾತೀವು ಅದಾವ್ರಿ. ಅದರಾಗೂ ಎರಡು ಇರಬೇಕು ಅಂತ ನನಗ ಅನುಮಾನ" ಎನ್ನುತ್ತಾರೆ ಮುಬೀನಾ, ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾ. "ಈ ಸಲ ಮೇಡಂಗ ಮೊದಲ ಹೇಳೀನಿ."