ವಖಾರದ ಅಟ್ಟದ ಮೇಲಿಂದ

ಬ್ಯಾಡಗಿಯ ಹಳೇ ಪೇಟೆಯಲ್ಲಿ ಒಂದು ಕಲ್ಲಿನ ವಖಾರ ಇತ್ತು. ಮೆಣಸಿನಕಾಯಿ ಚೀಲ ಇಡಲೆಂದು ಸಾವುಕಾರರೊಬ್ಬರ ಮುತ್ತಜ್ಜ ಕಟ್ಟಿಸಿದ್ದು. ರೈಲು ಬಂದ ಹೊಸದರಲ್ಲಿ ಕಟ್ಟಿದ್ದೆಂದು ಕೆಲವರು, ಅದಕ್ಕೂ ಮೊದಲಿನದೆಂದು ಇನ್ನು ಕೆಲವರು ಕಟ್ಟೆಯ ಮೇಲೆ ಕೂತು ಜಗಳವಾಡುತ್ತಿದ್ದರು. ಪುರಾವೆ ಯಾರ ಹತ್ತಿರವೂ ಇರಲಿಲ್ಲ, ಜಗಳ ಮಾತ್ರ ನಿಲ್ಲುತ್ತಿರಲಿಲ್ಲ. ಹೇರಿದ ಚಕ್ಕಡಿ ಸೀದಾ ಒಳಗೆ ಹೋಗುವಷ್ಟು ಎತ್ತರದ ಮುಂಬಾಗಿಲು, ಒಳಗೆ ಸಾಗವಾನಿ ಕಂಬಗಳ ದೊಡ್ಡ ಪಡಸಾಲೆ, ಅದರ ಮೂರು ಬದಿಗೂ ಹಲಗೆ ಹಾಸಿದ ಅಟ್ಟ. ಸ್ವಾತಂತ್ರ್ಯದ ಚಳವಳಿಯ ಕಾಲಕ್ಕೆ ಆ ಪಡಸಾಲೆಯಲ್ಲಿ ಜನ ಸಭೆ ಸೇರಿದ್ದರಂತೆ, ಹುಡುಕಿ ಬಂದ ಪೊಲೀಸರು ಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಹೊರಗೇ ನಿಂತರಂತೆ. ಇದು ಊರಿನವರು ಹೇಳುತ್ತಿದ್ದ ಕಥೆ. ನಿಜವೋ ಸುಳ್ಳೋ, ನಾನಂತೂ ನಂಬಿದ್ದೆ.

ಆ ವಖಾರಕ್ಕೆ ಹಿತ್ತಲ ಬಾಗಿಲೂ ಒಂದಿತ್ತು. ನಮ್ಮ ಅವ್ವ ಹೋಗುತ್ತಿದ್ದುದು ಅದರಿಂದ. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ತಂಗಿಗೆ ಮೂರು. ಅದಾದ ಮೇಲೆ ಅವ್ವ ಹದಿನಾಲ್ಕು ವರ್ಷ ಅಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿದಳು. ನಮ್ಮ ಕಡೆ ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಾರೆ. ಸುಗ್ಗಿಯಲ್ಲಿ ಮೂವತ್ತು ನಲವತ್ತು ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ಸಂಜೆ ಅವಳು ಮನೆಗೆ ಬಂದರೆ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆಮೇಲೂ ನಮ್ಮ ಮುಖ ಮುಟ್ಟುತ್ತಿರಲಿಲ್ಲ. ಕಣ್ಣುರಿ ಬಂದೀತೆಂದು ಮೊಣಕೈಯಿಂದ ನಮ್ಮ ತಲೆ ಸವರುತ್ತಿದ್ದಳು.

ಎಂಬತ್ತರ ದಶಕದ ಕೊನೆಗೆ ಆ ಸಾವುಕಾರರ ವ್ಯಾಪಾರವೆಲ್ಲ ಮಾರ್ಕೆಟ್ ಯಾರ್ಡಿಗೆ ಹೋಗಿ ವಖಾರ ಖಾಲಿ ಬಿತ್ತು. ಸಾವುಕಾರರು ಅದನ್ನು ಕೇಳಿದವರಿಗೆ ಮದುವೆಗೆ ಕೊಡುತ್ತಿದ್ದರು. ನಾನು ಆಗ ಕದರಮಂಡಲಗಿಯ ಶಾಲೆಯಲ್ಲಿ ಹೊಸ ಮಾಸ್ತರ. ತಂಗಿಯ ಲಗ್ನ ಗೊತ್ತಾದಾಗ, ಆಗುವುದಾದರೆ ಆ ವಖಾರದಲ್ಲೇ ಆಗಬೇಕೆಂದು ಹಟ ಹಿಡಿದೆ. ಅವ್ವ ಹಿತ್ತಲಿಂದ ಹೋದ ಕಟ್ಟಡಕ್ಕೆ ಅವಳ ಮಗಳು ಮುಂಬಾಗಿಲಿಂದ ಹೋಗಬೇಕು. ಇದು ನನ್ನ ತಲೆಯಲ್ಲಿ ಹೊಕ್ಕ ಹುಳ. ಅಪ್ಪನ ತಮ್ಮ, ನಮ್ಮ ಕಾಕಾ, ಮೂಗು ಮುರಿದ.

"ಗುಡಿ ಮುಂದ ಒಂದು ಹಂದರ ಹಾಕಿದ್ರ ಸಾಕಿತ್ತು. ಮಾಸ್ತರಕಿ ಸಿಕ್ಕ ಕೂಡಲೇ ದೌಲತ್ತು ಬಂತೇನಲೇ ನಿನಗ?"

ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಮುಂದಿನ ಬಾಗಲಾ ತಗಿತಾರೇನು?" ತೆಗೆಯುತ್ತಾರೆ ಎಂದೆ. ಅವಳು ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಆ ನಗು ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಕಂಡಿರಲಿಲ್ಲ. ಕಾರಣವಿತ್ತು. ತಂಗಿಯನ್ನು ನೋಡಲು ಮೊದಲೊಂದು ಕಡೆಯವರು ಬಂದಾಗ, ಕಾಲಿಗೆ ನೀರು ಕೊಡಲು ಚರಿಗೆ ಹಿಡಿದು ಬಾಗಿಲಿಗೆ ಹೋದವಳು ಅವ್ವ. ಅವರು ಚಹಾ ಕುಡಿದರು, ಉಪ್ಪಿಟ್ಟು ತಿಂದರು, ನಕ್ಕು ಮಾತಾಡಿ ಹೋದರು. ವಾರದ ಮೇಲೆ ಬೇಡವೆಂದು ಹೇಳಿ ಕಳಿಸಿದರು. ಗಂಡನಿಲ್ಲದವಳು ಬರುತ್ತಲೇ ಎದುರಾದಳು, ಅದಕ್ಕೇ ತಪ್ಪಿತು ಎಂದು ಕಾಕಾ ತೀರ್ಪು ಕೊಟ್ಟ. ಅವರು ನಿಜಕ್ಕೂ ಹಾಗೆ ಅಂದಿದ್ದರೋ ಇಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಅವ್ವ ಯಾರಾದರೂ ಬಂದರೆ ಅಡುಗೆಮನೆ ಸೇರಿಬಿಡುತ್ತಿದ್ದಳು. ಈಗ ಕೂಡಿಬಂದ ಸಂಬಂಧ ಗುತ್ತಲದವರದು. ಹುಡುಗನಿಗೆ ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ. ಇದೂ ಮುರಿದರೆ ತಂಗಿಯ ಗತಿಯೇನು ಎಂಬ ಹೆದರಿಕೆ ನನಗೆ ಇದ್ದೇ ಇತ್ತು.

ಲಗ್ನಕ್ಕೆ ನಾಲ್ಕು ದಿನವಿರುವಾಗ ಗೆಳೆಯರನ್ನು ಕಟ್ಟಿಕೊಂಡು ವಖಾರ ತೊಳೆಯಲು ಹೋದೆ. ಮೂರು ಸಲ ನೀರು ಹೊಡೆದೆವು, ಗೋಡೆಗೆ ಸುಣ್ಣ ಬಳಿದೆವು. ಪಡಸಾಲೆಯ ನಡುವೆ ನಾಲ್ಕು ಕಂಬ ನಿಲ್ಲಿಸಿ, ಮೇಲೆ ಜರಿಯಂಚಿನ ಕೆಂಪು ಬಟ್ಟೆಯ ಮೇಲ್ಕಟ್ಟು ಕಟ್ಟಿ ಹಂದರ ಮಾಡಿದೆವು. ಆ ಬಟ್ಟೆಯನ್ನು ನಾನೇ ಹಾವೇರಿಗೆ ಹೋಗಿ, ಏಲಕ್ಕಿ ಮಾಲೆಯ ಜೊತೆ ಆರಿಸಿ ತಂದಿದ್ದೆ. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು, "ಘಾಟು ಬರತೈತೇನ್ರಿ?" ಎಂದು ಕೇಳಿದೆ. ಎಲ್ಲರೂ ಮೂಗು ಏರಿಸಿ ಎಳೆದು, ಇಲ್ಲವೇ ಇಲ್ಲ ಎಂದರು. ಅವೆಲ್ಲ ಬ್ಯಾಡಗಿಯ ಮೂಗುಗಳು. ಹುಟ್ಟಿದಾಗಿನಿಂದ ಅದೇ ಗಾಳಿ ಎಳೆದ ಮೂಗಿಗೆ ಮೆಣಸಿನಕಾಯಿಯ ಘಾಟು ಹೇಗೆ ತಿಳಿದೀತು? ಹೊರಗಿನವರೊಬ್ಬರನ್ನಾದರೂ ಕರೆದು ಕೇಳಬೇಕೆಂಬ ಬುದ್ಧಿ ನನಗೆ ಬರಲಿಲ್ಲ.

ಗೊತ್ತಿದ್ದವಳು ಒಬ್ಬಳೇ. ಅಂದು ಸಂಜೆ ಊಟಕ್ಕೆ ಬಡಿಸುತ್ತ ಅವ್ವ ಅಂದಳು: "ತಮ್ಮಾ, ಅಟ್ಟಾ ಗುಡಿಸೀರೇನು? ಹಲಗಿ ಸಂದಿನಾಗ ಪುಡಿ ಕುಂತಿರತೈತಿ. ಕಾಲಿಟ್ರ ಕೆಳಗ ಉದರತೈತಿ."

"ಮ್ಯಾಲ ಯಾರ ಹೋಗತಾರವ್ವಾ?" ಎಂದೆ. ದಣಿದಿದ್ದೆ. ಅವಳು ಇನ್ನೊಂದು ರೊಟ್ಟಿ ಬಡಿಸಿದಳು.

ಲಗ್ನದ ದಿನ ಬೆಳಿಗ್ಗೆ ಅರಿಶಿಣ, ಸುರಗಿ ನೀರು ಎಲ್ಲವನ್ನೂ ಕಾಕಾನ ಹೆಂಡತಿ, ನಮ್ಮ ಕಾಕು, ಮಾಡಿದಳು. ಅವ್ವ ದೂರದಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ಗುತ್ತಲದವರ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಕಾಕಾ ನನ್ನನ್ನು ಮೂಲೆಗೆ ಕರೆದ.

"ನಿಮ್ಮವ್ವಗ ಹೇಳು. ಅಕ್ಕಿಕಾಳ ಬೀಳೂತನಕ ಮುಂದ ಬರೂದು ಬ್ಯಾಡ. ಹಿಂದಿಂದು ನೆನಪೈತೆಲ್ಲೋ? ನಾ ಹೇಳೂದ ಹೇಳೇನಿ. ನಿನ್ನ ತಂಗಿ, ನಿನ್ನ ಮರ್ಜಿ."

ಅವನ ಮೇಲೆ ಸಿಟ್ಟು ಬಂತು. ಆದರೂ ನಾನು, ಶಾಲೆಯಲ್ಲಿ ಮಕ್ಕಳಿಗೆ ಮೂಢನಂಬಿಕೆಯ ಬಗ್ಗೆ ಪಾಠ ಹೇಳುವ ಮಾಸ್ತರ, ಸೀದಾ ಅವ್ವನ ಹತ್ತಿರ ಹೋದೆ. ಏನು ಹೇಳಬೇಕೆಂದು ದಾರಿಯಲ್ಲೇ ಹೊಂದಿಸಿಕೊಂಡೆ.

"ಅವ್ವಾ, ಕೆಳಗ ಭಾಳ ಗದ್ಲ ಐತಿ. ಅಟ್ಟದ ಮ್ಯಾಲ ಹೋಗಿ ನಿಂದ್ರು. ಅಲ್ಲಿಂದ ಛಲೋ ಕಾಣತೈತಿ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಅವಳಿಗೆ ತಿಳಿಯಿತೆಂದು ನನಗೂ ತಿಳಿಯಿತು. "ಹೂಂನಪಾ" ಎಂದು ಎಲೆಯ ತಟ್ಟೆ ಬದಿಗಿಟ್ಟು ಎದ್ದಳು. ಕಡಿದಾದ ಮರದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಹೋದಳು. ನಾನು ಬೀಗರಿಗೆ ಪನ್ನೀರು ಹಾಕಲು ಮುಂಬಾಗಿಲಿಗೆ ಓಡಿದೆ.

ತಂಗಿ ಮುಂಬಾಗಿಲಿಂದ ಒಳಗೆ ಬಂದಳು. ನಾನು ಎಷ್ಟೋ ದಿನದಿಂದ ಕಾದಿದ್ದ ಗಳಿಗೆ ಅದು. ಹಣೆಗೆ ಬಾಸಿಂಗ, ಹಸಿರು ಸೀರೆ. ಅವಳು ಹೊಸ್ತಿಲು ದಾಟುವಾಗ ಒಮ್ಮೆ ಸುತ್ತ ನೋಡಿದಳು. ನನ್ನ ಪಕ್ಕ ಬಂದಾಗ ಸಣ್ಣ ದನಿಯಲ್ಲಿ ಕೇಳಿದಳು: "ಅಣ್ಣಾ, ಅವ್ವ ಎಲ್ಲಿ?" ಮೇಲಿದ್ದಾಳೆ ಎಂದೆ. ಅವಳು ಹಂದರದ ಕಡೆ ನಡೆದಳು.

ಹನ್ನೆರಡೂವರೆಗೆ ಅಕ್ಕಿಕಾಳು, ತಾಳಿ ಕಟ್ಟಿ ಅಕ್ಷತೆ ಹಾಕುವ ಮುಹೂರ್ತ. ಅಯ್ಯನವರು ಮಂತ್ರ ಹೇಳುತ್ತಿದ್ದರು. ನಾನು ಅರಿಶಿಣ ಹಚ್ಚಿದ ಅಕ್ಕಿಯ ಹರಿವಾಣ ಹಿಡಿದು ಎಲ್ಲರ ಮುಷ್ಟಿ ತುಂಬುತ್ತಿದ್ದೆ. ಹಂದರದ ಎದುರಿಗೆ, ಅಟ್ಟದ ಅಂಚಿನ ಕೆಳಗೇ, ಗಂಡಿನ ಕಡೆಯ ಹಿರಿಯರು ಕೂತಿದ್ದರು. ನಡುವೆ ವರನ ಅಜ್ಜಿ, ಬೆಳ್ಳಿ ಕೂದಲಿನ ಗಟ್ಟಿ ಹೆಂಗಸು. ಅಯ್ಯನವರು ತಾಳಿ ಕೈಗೆತ್ತಿಕೊಂಡರು. ಎಲ್ಲರೂ ಎದ್ದು ನಿಂತರು. ಆಗ ತಲೆಯ ಮೇಲೆ ಹಲಗೆ ಕಿರ್ ಎಂದಿತು. ಯಾರೋ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿರಬಿರನೆ ನಡೆದ ಸಪ್ಪಳ. ಹಲಗೆಯ ಸಂದಿಯಿಂದ ಕೆಂಪು ಪುಡಿ ಜರಡಿ ಹಿಡಿದಂತೆ ಇಳಿಯಿತು.

ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಆದರೆ ಎಷ್ಟೋ ವರ್ಷದ ಒಣ ಪುಡಿ ಮೂಗಿಗೆ ಹೊಕ್ಕರೆ ಆ ಹೆಸರಿನಿಂದ ಏನೂ ಉಪಯೋಗವಿಲ್ಲ. ಶಹನಾಯಿ ಊದುವವನು ಕೆಮ್ಮಿ ನಿಲ್ಲಿಸಿದ. ಆ ನಿಶ್ಶಬ್ದದಲ್ಲಿ ಅಜ್ಜಿ ಸೀನಿದರು. ಒಂದೇ ಸಲ, ಇಡೀ ವಖಾರಕ್ಕೆ ಕೇಳುವ ಹಾಗೆ.

ಒಂಟಿ ಸೀನು. ಅದೂ ತಾಳಿ ಕಟ್ಟುವ ಹೊತ್ತಿಗೆ, ಅದೂ ಗಂಡಿನ ಮನೆಯ ಹಿರಿಯರದು. ಅಯ್ಯನವರ ಕೈ ಹಾಗೇ ನಿಂತಿತು. ಕಾಕಾನ ಮುಖ ಬಿಳಿಚಿಕೊಂಡಿತು. ವರನ ಸೋದರಮಾವ ಕಣ್ಣುಜ್ಜಿಕೊಳ್ಳುತ್ತ ಮೇಲೆ ನೋಡಿ ಗದರಿದರು: "ಯಾರದು ಮ್ಯಾಲೆ?"

ನಾನು ಅಲ್ಲೇ ಇದ್ದೆ. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಕಾಕಾನೂ ಬಿಡಲಿಲ್ಲ. ಮೇಲಿಂದಲೂ ಉಸಿರಿಲ್ಲ. ಇಷ್ಟು ವರ್ಷಗಳಾದ ಮೇಲೆ ನೆನೆದರೂ ನನ್ನ ಮೇಲೆ ನನಗೇ ಅಸಹ್ಯವಾಗುವುದು ಆ ಗಳಿಗೆಗೇ. ಒಂದು ಹೆಸರು ಹೇಳುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ, ಅದು ನನ್ನನ್ನು ಹೆತ್ತವಳ ಹೆಸರು.

ಹೇಳಿದವಳು ತಂಗಿ. ಹಸೆಯ ಮೇಲೆ ಮದುಮಗಳು ಬಾಯಿ ತೆರೆಯಬಾರದು ಎನ್ನುವ ಕಾಲ ಅದು. ಅವಳು ಬಾಸಿಂಗ ಕಟ್ಟಿದ ತಲೆ ಎತ್ತಿ ಅಂದಳು: "ನಮ್ಮವ್ವ ಅದಾಳ್ರಿ."

"ನಿಮ್ಮವ್ವನ? ಮ್ಯಾಲ ಯಾಕ ಅದಾಳ?" ಅಜ್ಜಿ ಕೇಳಿದರು. ತಂಗಿ ನನ್ನ ಕಡೆ ನೋಡಿದಳು. ಅಜ್ಜಿಯೂ ನೋಡಿದರು. ನಾನು ಹರಿವಾಣ ನೋಡುತ್ತ ನಿಂತೆ. ಅವರಿಗೆ ಉತ್ತರ ಸಿಕ್ಕಿತು.

ಆಗ ನನಗೆ ಮೊದಲ ಸಲ ಕಂಡದ್ದು ಅಜ್ಜಿಯ ಕೊರಳು. ಬರೀ ಕೊರಳು, ಬಳೆಯಿಲ್ಲದ ಕೈ. ಅವರೂ ಗಂಡನನ್ನು ಕಳೆದುಕೊಂಡವರೇ. ಬೆಳಗಿನಿಂದ ಎಲ್ಲರಿಗಿಂತ ಮುಂದೆ ಕೂತಿದ್ದರು, ಅವರನ್ನು ಏಳಿಸುವ ಗಂಡಸು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಎರಡು ಹೆಜ್ಜೆ ನಡೆದು ಮೆಟ್ಟಿಲ ಬುಡಕ್ಕೆ ಹೋಗಿ ಮೇಲೆ ನೋಡಿ ಕರೆದರು.

"ಏ ಬೀಗತೀ, ನೀ ಮ್ಯಾಲ ಅಡ್ಡಾಡಿದ್ರ ಪುಡಿ ಬೀಳತೈತಿ. ಕೆಳಗ ಇಳದು ಬಾರವಾ."

ಅವ್ವ ಬರಲಿಲ್ಲ. "ಇಲ್ಲೇ ಕುಂದರತೇನ್ರಿ, ಅಡ್ಡಾಡೂದಿಲ್ಲ. ನೀವು ಲಗ್ನಾ ಮಾಡ್ರಿ" ಎಂದ ದನಿ ಮಾತ್ರ ಬಂತು. ಅಳು ಬೆರೆತ ದನಿ. ಇದನ್ನೂ ತಾನೇ ಕೆಡಿಸಿದೆನೆಂದು ಅವಳು ತಿಳಿದಿದ್ದಳು.

"ಹಡದಾಕಿ ಅಟ್ಟದ ಮ್ಯಾಲ ಇದ್ರ ನಾ ಅಕ್ಕಿಕಾಳ ಹಾಕಂಗಿಲ್ಲ" ಎಂದರು ಅಜ್ಜಿ. ಆಮೇಲೆ ನಿಂತ ಮಂದಿಯ ಕಡೆ ತಿರುಗಿ, "ಮೆಣಸಿನಕಾಯಿ ಪುಡಿಗೆ ಸೀನಿದ್ರ ಶಕುನಾ ನೋಡತೀರೇನು? ಸ್ವಾಮ್ಯಾರ, ಒಂದೀಟ ತಡೀರಿ" ಎಂದರು.

ಅಯ್ಯನವರು ತಡೆದರು. ಅವ್ವ ಹಿಮ್ಮುಖವಾಗಿ ಮೆಟ್ಟಿಲು ಹಿಡಿದು ಇಳಿದಳು. ಸೀರೆಯ ನೆರಿಗೆಗೆಲ್ಲ ಕೆಂಪು ಪುಡಿ ಮೆತ್ತಿತ್ತು. ಕೊನೆಯ ಮೆಟ್ಟಿಲಲ್ಲಿ ಕೈ ಹಿಡಿಯಬೇಕಾದವನು ನಾನು, ಹಿಡಿದವರು ಅಜ್ಜಿ. ಆ ಕೈಯನ್ನು ಬಿಡದೆ ಹಂದರದ ಮುಂದೆ ತಂದು ನಿಲ್ಲಿಸಿದರು. ನನ್ನ ಹರಿವಾಣಕ್ಕೂ ಕಾಯದೆ, ತಮ್ಮ ಮುಷ್ಟಿಯಲ್ಲಿದ್ದ ಅಕ್ಕಿಯಲ್ಲಿ ಅರ್ಧ ಅವ್ವನ ಅಂಗೈಗೆ ಸುರಿದರು. ಶಹನಾಯಿ ಮತ್ತೆ ಶುರುವಾಯಿತು. ತಾಳಿ ಬಿತ್ತು, ಅಕ್ಕಿಕಾಳು ಬಿದ್ದವು. ಅವ್ವ ತನ್ನ ಪಾಲಿನದನ್ನು ಎಸೆಯದೆ ಹತ್ತಿರ ಹೋಗಿ ಮಗಳ ನೆತ್ತಿಯ ಮೇಲೆ ನಿಧಾನ ಉದುರಿಸಿದಳು. ಆಮೇಲೆ ಕೈಗೆ ಪುಡಿ ಹತ್ತಿದೆಯೆಂದು ನೆನಪಾಗಿ, ಮೊಣಕೈಯಿಂದ ಅವಳ ತಲೆ ಸವರಿದಳು.

ಊಟ ಮುಗಿದು, ಹುಗ್ಗಿಯ ಹಂಡೆ ಖಾಲಿಯಾಗಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ತಂಗಿ ಗುತ್ತಲದ ಬಸ್ಸು ಹತ್ತಿದಳು. ಹತ್ತುವಾಗ ಅವ್ವನನ್ನು ತಬ್ಬಿ ಅತ್ತಳು. ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ವಖಾರದಲ್ಲಿ ಉಳಿದವರು ನಾನು, ಅವ್ವ. ನಾನು ಮುಂಬಾಗಿಲ ಹೊಸ್ತಿಲ ಮೇಲೆ ಕೂತಿದ್ದೆ. ಅವಳು ಕಸಬರಿಗೆ ಹಿಡಿದು ಬಂದಳು. ಸಾವುಕಾರರ ಜಾಗ, ಗುಡಿಸಿ ಕೊಡಬೇಕು, ಅಟ್ಟದಿಂದ ಶುರು ಮಾಡುತ್ತೇನೆ ಎಂದಳು. ನಾನು ಎದ್ದು ಅವಳ ಕೈಯಿಂದ ಕಸಬರಿಗೆ ಕಸಿದುಕೊಂಡೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಕಸಬರಿಗೆಯ ಕಟ್ಟು ಬಿಗಿ ಮಾಡುತ್ತ ನಿಂತೆ.

ಅವಳೇ ಮಾತಾಡಿದಳು. "ಯಾಕ ಮಾರಿ ಸಣ್ಣ ಮಾಡೀದಿ? ನೀ ಅಂದಿದ್ದು ಖರೇನ ತಮ್ಮಾ. ಮ್ಯಾಲಿಂದ ಛಲೋ ಕಾಣತಿತ್ತು."

ನಾನು ಅಟ್ಟ ಹತ್ತಿದೆ. ಪುಡಿಯಲ್ಲಿ ಅವಳ ಹೆಜ್ಜೆ ಮೂಡಿದ್ದವು. ಮೊದಲು ಒಂದು ಕಂಬದ ಹತ್ತಿರ, ಆಮೇಲೆ ಮುಂದಿನ ಕಂಬದ ಹತ್ತಿರ, ಆಮೇಲೆ ಕಟ್ಟಕಡೆಯ ತುದಿಯವರೆಗೆ. ಒಂದೊಂದು ಹೆಜ್ಜೆಯ ಮೇಲೂ ನಿಂತು ಕೆಳಗೆ ನೋಡಿದೆ. ಎಲ್ಲಿ ನಿಂತರೂ ಕಾಣುತ್ತಿದ್ದುದು ಒಂದೇ, ನಾನು ಹಾವೇರಿಯಿಂದ ಆರಿಸಿ ತಂದು ಕಟ್ಟಿದ್ದ ಮೇಲ್ಕಟ್ಟಿನ ಕೆಂಪು ಬಟ್ಟೆ.